ಮೊದಲು ನೀರು, ಆಮೇಲೆ ಮೀನು: ಮನೆಯ ತೊಟ್ಟಿಗೆ ಒಂದಕ್ಕೊಂದು ಹೊಂದುವ ಮೀನುಗಳ ಆಯ್ಕೆ

ಅಂಗಡಿಯಲ್ಲಿ ಮಾರಾಟಕ್ಕಿರುವ ಮೀನುಗಳಲ್ಲಿ ಬಹುಪಾಲು ಎರಡು ಇಂಚಿನ ಮರಿಗಳು. ಬಣ್ಣ ನೋಡಿ ಏಂಜೆಲ್, ನಿಯಾನ್ ಟೆಟ್ರಾ, ಗಪ್ಪಿ, ಟೈಗರ್ ಬಾರ್ಬ್ ತಲಾ ಒಂದು ಜೊತೆ ತಂದು ಒಂದೇ ತೊಟ್ಟಿಗೆ ಬಿಡುವವರು ಬಹಳ. ಕೆಲವೇ ತಿಂಗಳಲ್ಲಿ ಏಂಜೆಲ್ ಬೆಳೆದು ನಿಯಾನ್‌ಗಳನ್ನು ನುಂಗುತ್ತದೆ, ಟೈಗರ್ ಬಾರ್ಬ್ ಗಪ್ಪಿಯ ಬಾಲ ಹರಿಯುತ್ತದೆ, ಉಳಿದವು ನೀರು ಒಗ್ಗದೆ ಸೊರಗುತ್ತವೆ. ಇದನ್ನು ತಪ್ಪಿಸಲು ಮೂರು ವಿಷಯಗಳನ್ನು ಇದೇ ಕ್ರಮದಲ್ಲಿ ನೋಡಬೇಕು: ನಿಮ್ಮ ಮನೆಯ ನೀರು, ಮೀನು ಬೆಳೆದಾಗಿನ ಗಾತ್ರ, ಅದರ ಸ್ವಭಾವ. ಸ್ವಭಾವದ ಬಗ್ಗೆ ಎಲ್ಲರೂ ಕೇಳುತ್ತಾರೆ, ನೀರಿನ ಬಗ್ಗೆ ಕೇಳುವವರು ಕಡಿಮೆ. ಹೆಚ್ಚು ಮೀನು ಸಾಯುವುದು ಮಾತ್ರ ನೀರಿನಿಂದಲೇ.

ನೀರನ್ನು ಅಳೆಯಿರಿ

ಒಂದು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಮೀಟರ್, ಪಿಎಚ್ (ಹುಳಿ–ಕ್ಷಾರದ ಅಳತೆ) ಮತ್ತು ಗಡಸುತನ ತೋರಿಸುವ ಪಟ್ಟಿಗಳು ಸಾಕು. ನಲ್ಲಿಯಿಂದ ಹಿಡಿದ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಅಳೆಯಿರಿ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋದ ಮೇಲಷ್ಟೇ ನಿಜವಾದ ಪಿಎಚ್ ಗೊತ್ತಾಗುತ್ತದೆ.

ಟಿಡಿಎಸ್ 200 ಪಿಪಿಎಂ ಒಳಗಿದ್ದು ಪಿಎಚ್ 7ರ ಆಸುಪಾಸಿನಲ್ಲಿದ್ದರೆ ಅದು ಮೆದು ನೀರು, ಅದರಲ್ಲಿ ಟೆಟ್ರಾ, ರಾಸ್ಬೋರಾ, ಕೋರಿಡೋರಾಸ್, ಗೌರಾಮಿಗಳು ನೆಮ್ಮದಿಯಾಗಿರುತ್ತವೆ. 400 ದಾಟಿ, ಪಿಎಚ್ 7.5ಕ್ಕಿಂತ ಮೇಲಿದ್ದರೆ ಅದು ಗಡಸು ನೀರು, ಗಪ್ಪಿ, ಪ್ಲಾಟಿ, ಮೊಲ್ಲಿಗಳ ನೀರು. ಗಡಸು ನೀರಿಗೆ ಆಸಿಡ್ ಹಾಕಿ ಪಿಎಚ್ ಇಳಿಸುವ ಗೋಜಿಗೆ ಹೋಗಬೇಡಿ. ನೀರಿನಲ್ಲಿರುವ ಬೈಕಾರ್ಬನೇಟ್ ಒಂದೆರಡು ದಿನದಲ್ಲಿ ಅದನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ಈ ಏರಿಳಿತ, ಸ್ಥಿರವಾಗಿ ಹೆಚ್ಚಿರುವ ಪಿಎಚ್‌ಗಿಂತ ಕೆಟ್ಟದ್ದು. ಬೋರ್‌ವೆಲ್ ನೀರಿನಲ್ಲೇ ಟೆಟ್ರಾ ಸಾಕಬೇಕೆಂದರೆ ಆರ್‌ಒ ನೀರು ಬೆರೆಸಿ. 600 ಪಿಪಿಎಂನ ಒಂದು ಪಾಲಿಗೆ 30 ಪಿಪಿಎಂನ ಎರಡು ಪಾಲು ಸೇರಿಸಿದರೆ ಸುಮಾರು 220 ಆಗುತ್ತದೆ. ನೀರು ಬದಲಿಸುವಾಗಲೆಲ್ಲ ಇದೇ ಅಳತೆ ತಪ್ಪದೆ ಬೆರೆಸಬೇಕು. ಅಷ್ಟು ಕೆಲಸ ಆಗದು ಎನ್ನುವವರು ಇರುವ ನೀರಿಗೆ ಒಗ್ಗುವ ಮೀನನ್ನೇ ತರುವುದು ಮೇಲು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ವಾಟರ್ ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸೋಪು ಚೆನ್ನಾಗಿ ನೊರೆಯುತ್ತದೆ, ಆದರೆ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಈ ನೀರು ಟೆಟ್ರಾಗಳಿಗೆ ಮೆದುವಲ್ಲ, ಮೊಲ್ಲಿಗಳಿಗೆ ಬೇಕಾದ ಕ್ಯಾಲ್ಸಿಯಂ ಕೂಡ ಇದರಲ್ಲಿಲ್ಲ. ಸಾಧ್ಯವಾದರೆ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ಕೊಳಾಯಿಯಿಂದ ಹಿಡಿಯಿರಿ. ಪಾಲಿಕೆ ನೀರಾದರೆ ಕ್ಲೋರಿನ್ ತೆಗೆಯುವ ದ್ರವವನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ.

ನೀರಿನ ಬಿಸಿಯೂ ಆಯ್ಕೆಯನ್ನು ನಿರ್ಧರಿಸುತ್ತದೆ. ನಿಯಾನ್ ಟೆಟ್ರಾಗೆ 22ರಿಂದ 26 ಡಿಗ್ರಿ ಹಿತ. ಬೆಂಗಳೂರು, ಮೈಸೂರು, ಮಲೆನಾಡಿನ ಮನೆಗಳಲ್ಲಿ ಅದು ಕಷ್ಟವಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತೊಟ್ಟಿಯ ನೀರು 30 ದಾಟುತ್ತದೆ. ಮಂಗಳೂರಿನ ಸೆಕೆಯಲ್ಲೂ ಅಷ್ಟೇ. ಅಲ್ಲಿ ನಿಯಾನ್ ಬದಲು ಕಾರ್ಡಿನಲ್ ಟೆಟ್ರಾ ತನ್ನಿ. ಗೌರಾಮಿಗಳೂ ಸೆಕೆ ತಡೆಯುತ್ತವೆ. ಅವು ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಇದು ಅವನ್ನು ಕಾಯುತ್ತದೆ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಬಹಳ ಗಲೀಜು ಮಾಡುತ್ತದೆ, ಅರ್ಧ ಅಡಿಗೂ ಮಿಕ್ಕಿ ಬೆಳೆಯುತ್ತದೆ. ಅದನ್ನು ಉಷ್ಣವಲಯದ ಮೀನುಗಳ ಜೊತೆ ಬಿಡದೆ ಗೋಲ್ಡ್‌ಫಿಶ್‌ಗಳಿಗೇ ಒಂದು ತೊಟ್ಟಿ ಇಡಿ.

ಬೆಳೆದ ಮೇಲೆ ಎಷ್ಟು ದೊಡ್ಡದು?

ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, 28.3ರಿಂದ ಮತ್ತೆ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ 127 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ನೀರು 105–110 ಲೀಟರ್ ಅಷ್ಟೇ.

‘ಗ್ಯಾಲನ್ನಿಗೆ (ಸುಮಾರು 3.8 ಲೀಟರ್) ಒಂದು ಇಂಚು ಮೀನು’ ಎಂಬ ಲೆಕ್ಕ ಸಣ್ಣ ಮೀನಿಗೆ ಮಾತ್ರ ಸ್ವಲ್ಪ ಹೊಂದುತ್ತದೆ. ಹತ್ತು ಇಂಚಿನ ಒಂದು ಆಸ್ಕರ್ ಮಾಡುವ ಗಲೀಜು, ಒಂದಿಂಚಿನ ಹತ್ತು ಟೆಟ್ರಾಗಳು ಮಾಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಪಾಚಿ ತಿನ್ನಲೆಂದು ಕೊಡುವ ‘ಸಕ್ಕರ್’ ಒಂದೂವರೆ ಅಡಿಯಷ್ಟು ಬೆಳೆಯಬಲ್ಲದು. ರಾತ್ರಿ ಹೊತ್ತು ಗೋಲ್ಡ್‌ಫಿಶ್‌ನಂಥ ನಿಧಾನದ ಮೀನುಗಳಿಗೆ ಅಂಟಿಕೊಂಡು ಮೈಮೇಲಿನ ಲೋಳೆ ಕೆರೆಯುವುದೂ ಉಂಟು. ಪಾಚಿಗೆ ಬೇಕಾದರೆ 12 ಸೆಂಟಿಮೀಟರ್‌ಗೆ ನಿಲ್ಲುವ ಬ್ರಿಸಲ್‌ನೋಸ್ ಕೇಳಿ. ಬಾಲಾ ಶಾರ್ಕ್ ಒಂದು ಅಡಿ ಬೆಳೆಯುತ್ತದೆ. ‘ಶಾರ್ಕ್’ ಹೆಸರಲ್ಲೇ ಮಾರುವ ಪಂಗಾಸಿಯಸ್ ಮೀಟರ್ ದಾಟುವ ಮೀನು, ಮನೆಯ ಯಾವ ತೊಟ್ಟಿಯೂ ಅದಕ್ಕೆ ಸಾಲದು.

ಸ್ವಭಾವ

ಬಾಯಿಗೆ ಹಿಡಿಸಿದ್ದೆಲ್ಲ ಮೀನಿಗೆ ಆಹಾರವೇ. ಏಂಜೆಲ್ ಜೊತೆ ನಿಯಾನ್ ಉಳಿಯದಿರುವುದಕ್ಕೆ ಕಾರಣ ಸಿಟ್ಟಲ್ಲ, ಬಾಯಿಯ ಅಳತೆ. ಏಂಜೆಲ್ ಬೇಕೇಬೇಕೆಂದರೆ ಕನಿಷ್ಠ ಒಂದೂವರೆ ಅಡಿ ಎತ್ತರದ ತೊಟ್ಟಿ ಇರಲಿ, ಜೊತೆಗೆ ಲೆಮನ್ ಟೆಟ್ರಾದಂಥ ದಪ್ಪ ಮೈಯ ಮೀನು ಇಡಿ.

ಟೈಗರ್ ಬಾರ್ಬ್ ಮೂರು ನಾಲ್ಕೇ ಇದ್ದರೆ ಕಾಟವನ್ನೆಲ್ಲ ಬೇರೆ ಮೀನುಗಳಿಗೆ ಕೊಡುತ್ತದೆ. 8–10 ಇದ್ದರೆ ಜಗಳ ತಮ್ಮತಮ್ಮಲ್ಲೇ ಮುಗಿಯುತ್ತದೆ. ಆಗಲೂ ಉದ್ದ ರೆಕ್ಕೆಯ ಮೀನನ್ನು ಅದರ ಜೊತೆ ಬಿಡಬಾರದು. ಗುಂಪಿನ ಮಾತು ಟೆಟ್ರಾ, ರಾಸ್ಬೋರಾ, ಕೋರಿಡೋರಾಸ್‌ಗೂ ಸಲ್ಲುತ್ತದೆ: ಆರಕ್ಕಿಂತ ಕಡಿಮೆಯಾದರೆ ಹೆದರಿ ಮೂಲೆ ಸೇರುತ್ತವೆ, ಬಣ್ಣ ಮಾಸುತ್ತದೆ. ಹತ್ತು ಜಾತಿಯ ಜೋಡಿಗಳಿಗಿಂತ ಎರಡು ಜಾತಿಯ ಎರಡು ಗುಂಪು ನೋಡುವುದಕ್ಕೂ ಚೆಂದ.

ಗಂಡು ಬೆಟ್ಟಾ ಇನ್ನೊಂದು ಗಂಡು ಬೆಟ್ಟಾವನ್ನು ಸಹಿಸುವುದಿಲ್ಲ. ಅಗಲ ಬಾಲದ ಗಂಡು ಗಪ್ಪಿಯನ್ನೂ ಎದುರಾಳಿಯೆಂದೇ ಎಣಿಸುತ್ತದೆ. ಡ್ವಾರ್ಫ್ ಗೌರಾಮಿ ತಂದರೆ ಗಂಡು ಒಂದೇ ಇರಲಿ. ಗಪ್ಪಿ, ಪ್ಲಾಟಿ, ಮೊಲ್ಲಿಗಳಲ್ಲಿ ಒಂದು ಗಂಡಿಗೆ ಎರಡು ಮೂರು ಹೆಣ್ಣು ಬೇಕು, ಇಲ್ಲವಾದರೆ ಗಂಡುಗಳು ಅಟ್ಟಿಸಿಕೊಂಡು ಹೋಗಿ ಹೆಣ್ಣನ್ನು ಸುಸ್ತು ಮಾಡುತ್ತವೆ. ಫ್ಲವರ್‌ಹಾರ್ನ್ ಒಂಟಿಯಾಗಿಯೇ ಇರಬೇಕಾದ ಮೀನು.

ಸಹ್ಯಾದ್ರಿಯ ಹೊಳೆಗಳ ‘ಮಿಸ್ ಕೇರಳ’ ಬಲು ಸುಂದರ, ಶಾಂತ. ಆದರೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕು ಅಡಿಯ ತೊಟ್ಟಿ, ತಂಪಾದ, ಚುರುಕಾಗಿ ಹರಿದಾಡುವ ನೀರು, ಆರರ ಗುಂಪು ಬೇಡುತ್ತದೆ. ಹೊಳೆಗಳಲ್ಲಿ ಇದು ಅಳಿವಿನ ಅಂಚಿನಲ್ಲಿರುವುದರಿಂದ ಸಾಕಣೆಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ಪಡೆಯಿರಿ. ಕೃತಕ ಬಣ್ಣ ಹಾಕಿದ ವಿಡೋ ಟೆಟ್ರಾಗಳನ್ನು ಕೊಳ್ಳಲೇಬೇಡಿ. ಬಣ್ಣ ಹಾಕುವಾಗ ಅವು ಪಡುವ ಹಿಂಸೆ ದೊಡ್ಡದು, ಬಣ್ಣವೂ ಉಳಿಯುವುದಿಲ್ಲ.

ಮೂರು ಅಡಿ ತೊಟ್ಟಿಗೆ ಎರಡು ಜೋಡಣೆ

ಮೆದು ನೀರಿಗೆ: 12 ನಿಯಾನ್ ಅಥವಾ ಹಾರ್ಲೆಕ್ವಿನ್ ರಾಸ್ಬೋರಾ ನಡುವಿನಲ್ಲಿ, 6 ಬ್ರಾಂಜ್ ಕೋರಿಡೋರಾಸ್ ತಳದಲ್ಲಿ, ಒಂದು ಜೋಡಿ ಹನಿ (honey) ಗೌರಾಮಿ ಮೇಲ್ಗಡೆ. ಕೋರಿಡೋರಾಸ್ ಮೀಸೆಯಿಂದ ತಳ ಕೆದಕಿ ತಿನ್ನುವುದರಿಂದ ಚೂಪು ಜಲ್ಲಿ ಬೇಡ, ನುಣುಪಾದ ಮರಳು ಹಾಕಿ. ಮೇಲೆ ಉಳಿದದ್ದನ್ನೇ ತಿಂದು ಬದುಕುತ್ತವೆ ಎಂದುಕೊಳ್ಳದೆ ಮುಳುಗುವ ಆಹಾರವನ್ನು ಬೇರೆಯಾಗಿ ಕೊಡಿ.

ಗಡಸು ನೀರಿಗೆ: 2 ಗಂಡು, 4 ಹೆಣ್ಣು ಪ್ಲಾಟಿ, 8 ಜೀಬ್ರಾ ಡಾನಿಯೋ, ಒಂದು ಬ್ರಿಸಲ್‌ನೋಸ್. ಪ್ಲಾಟಿ ಮರಿ ಹಾಕುತ್ತಲೇ ಇರುವುದರಿಂದ ಸ್ವಲ್ಪ ಜಾಗ ಉಳಿಸಿಕೊಂಡಿರಿ. ಡಾನಿಯೋ ಚೆನ್ನಾಗಿ ಹಾರುತ್ತದೆ, ಮುಚ್ಚಳ ಕಡ್ಡಾಯ.

ಬಿಡುವ ಕ್ರಮ

ಮೀನಿನ ಗಲೀಜಿನಿಂದ ಬರುವ ವಿಷವಾದ ಅಮೋನಿಯಾ, ನೈಟ್ರೈಟ್‌ಗಳನ್ನು ಕಳೆಯುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಮೊದಲು ಬೆಳೆಯಬೇಕು. ಅದಕ್ಕಾಗಿ ಫಿಲ್ಟರ್ ಓಡಿಸಿ, ಅಮೋನಿಯಾ ಹಾಕಿ ಅಥವಾ ಚಿಟಿಕೆ ಆಹಾರ ಕೊಳೆಯಲು ಬಿಟ್ಟು, 4ರಿಂದ 6 ವಾರ ಕಾಯಿರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೊದಲ ಗುಂಪು ಬರಲಿ. ಹಳೆಯ, ಆರೋಗ್ಯವಾದ ತೊಟ್ಟಿಯ ಫಿಲ್ಟರ್ ಸ್ಪಾಂಜ್ ಸಿಕ್ಕರೆ ಕಾಯುವ ಅವಧಿ ಕಡಿಮೆಯಾಗುತ್ತದೆ. ಗಡಸು, ಬಿಸಿ ನೀರಿನವರು ಇಲ್ಲಿ ಆತುರಪಡಲೇಬಾರದು: ಪಿಎಚ್ ಮತ್ತು ಬಿಸಿ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ.

ಶಾಂತ ಮೀನು ಮೊದಲು, ಜಗಳಗಂಟಿ ಕೊನೆಗೆ. ಒಂದು ಗುಂಪಿಗೂ ಮುಂದಿನದಕ್ಕೂ ಎರಡು ವಾರದ ಅಂತರವಿರಲಿ. ಹೊಸದನ್ನು ಬೇರೆ ಪೆಟ್ಟಿಗೆಯಲ್ಲಿ ಎರಡು ಮೂರು ವಾರ ಇಟ್ಟು ನೋಡಿದರೆ ಬಿಳಿ ಚುಕ್ಕೆ ರೋಗ ಎಲ್ಲಕ್ಕೂ ಹರಡುವುದು ತಪ್ಪುತ್ತದೆ. ತಂದ ಕವರನ್ನು 15 ನಿಮಿಷ ನೀರಿನ ಮೇಲೆ ತೇಲಿಸಿ, ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟ ತೊಟ್ಟಿಯ ನೀರು ಸೇರಿಸಿ, ಕೊನೆಗೆ ಬಲೆಯಿಂದ ಮೀನನ್ನಷ್ಟೇ ಬಿಡಿ. ಅಂಗಡಿಯ ನೀರು ತೊಟ್ಟಿಗೆ ಬೀಳಬಾರದು.

ಮೊದಲ ವಾರ ದೀಪ ಆರಿಸುವ ಮುಂಚೆ ಹತ್ತು ನಿಮಿಷ ಕುಳಿತು ನೋಡಿ. ಹರಿದ ರೆಕ್ಕೆ, ಹೀಟರ್ ಹಿಂದೆ ಅಡಗಿಯೇ ಇರುವ ಮೀನು, ಊಟಕ್ಕೆ ಬಾರದ ಮೀನು ಕಂಡರೆ ಕಾಟ ಕೊಡುತ್ತಿರುವುದನ್ನು ಗುರುತಿಸಿ ಬೇರೆ ಮಾಡಿ. ಎರಡು ದಿನದ ನಂತರ ಕಲ್ಲು, ಗಿಡಗಳ ಜಾಗ ಬದಲಿಸಿ ಮತ್ತೆ ಬಿಟ್ಟರೆ ಅದು ತನ್ನದೆಂದುಕೊಂಡಿದ್ದ ಗಡಿ ಅಳಿದಿರುತ್ತದೆ, ಎಷ್ಟೋ ಸಲ ಜಗಳವೂ ನಿಲ್ಲುತ್ತದೆ. ನಿಲ್ಲದಿದ್ದರೆ ಅಂಗಡಿಗೆ ಮರಳಿಸಿ ಅಥವಾ ದೊಡ್ಡ ತೊಟ್ಟಿಯಿರುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ: ಹಾಗೆ ಬಿಟ್ಟ ಸಕ್ಕರ್‌ಗಳು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಬೀಡುಬಿಟ್ಟು ಮೀನುಗಾರರ ಬಲೆ ಹರಿಯುತ್ತಿವೆ.