ಮಾತು ಮನೆಯಿಂದ ಹೊರಗೆ ಹೋಗದ ವಾಯ್ಸ್ ಅಸಿಸ್ಟೆಂಟ್

ಅಲೆಕ್ಸಾ ಬದಲು ಹೋಮ್ ಅಸಿಸ್ಟೆಂಟ್ (ಮನೆಯ ಲೈಟು ಫ್ಯಾನುಗಳನ್ನು ನಡೆಸೋಕೆ ನಮ್ಮದೇ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳೋ ಸಾಫ್ಟ್‌ವೇರ್) ಹಾಕೋರಿಗೆ ಒಂದು ಸಲಹೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಸ್‌ಗೆ (ಹಳೇ ಆವೃತ್ತಿಗಳಲ್ಲಿ ಇದರ ಹೆಸರು ಆಡ್-ಆನ್ಸ್) ಹೋಗಿ ವಿಸ್ಪರ್ (ಮಾತನ್ನು ಅಕ್ಷರ ಮಾಡುತ್ತೆ), ಪೈಪರ್ (ಉತ್ತರ ಓದುತ್ತೆ), ಓಪನ್‌ವೇಕ್‌ವರ್ಡ್ (ಕರೆದಾಗ ಎಚ್ಚರಾಗುತ್ತೆ) ಮೂರನ್ನೂ ಇನ್‌ಸ್ಟಾಲ್ ಮಾಡಿ. ಶುರು ಮಾಡಿದ ಮೇಲೆ ಡಿವೈಸಸ್ ಆ್ಯಂಡ್ ಸರ್ವಿಸಸ್ ಪುಟದಲ್ಲಿ 'ವಯೋಮಿಂಗ್' (ಇವನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸೋ ಕೊಂಡಿ) ಹೆಸರಲ್ಲಿ ತಾವಾಗೇ ಕಾಣಿಸುತ್ತವೆ. ಆಮೇಲೆ ವಾಯ್ಸ್ ಅಸಿಸ್ಟೆಂಟ್ಸ್ ಪುಟದಲ್ಲಿ ಹೊಸ ಅಸಿಸ್ಟೆಂಟ್ ಸೇರಿಸಿ ಇವನ್ನೇ ಆರಿಸಿ. ಅಲ್ಲಿ ಕ್ಲೌಡ್ ಆಯ್ಕೆ ಉಳಿದಿದ್ದರೆ ಮಾತು ಹೊರಗೆ ಹೋಗುತ್ತೆ, ಎರಡು ಸಲ ನೋಡಿ.

ಬಹಳ ಜನ ಬೇಸತ್ತು ಬಿಡೋದು ವೇಗದ ವಿಷಯಕ್ಕೆ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ವಿಸ್ಪರ್ ಒಂದು ಆಜ್ಞೆಗೆ ಸುಮಾರು 8 ಸೆಕೆಂಡ್ ತಗೊಳ್ಳುತ್ತೆ. ಇಂಟೆಲ್ ಮಿನಿ ಪಿಸಿಯಲ್ಲಿ ಒಂದು ಸೆಕೆಂಡಿನೊಳಗೆ ಮುಗಿಯಬಹುದು. ಪೈ ಮಾತ್ರ ಇದ್ದರೆ ವಿಸ್ಪರ್ ಬದಲು ಇಂಗ್ಲಿಷ್‌ನಲ್ಲಿ 'ಸ್ಪೀಚ್-ಟು-ಫ್ರೇಸ್' ಬಳಸಿ. ಅದಕ್ಕೆ ಗೊತ್ತಿರೋದು ಸಿದ್ಧ ವಾಕ್ಯಗಳಷ್ಟೇ, ಆದರೆ ಲೈಟು ಫ್ಯಾನಿಗೆ ಅಷ್ಟು ಸಾಕು. ಕನ್ನಡವನ್ನು ವಿಸ್ಪರ್‌ನ ಸಣ್ಣ ಮಾಡೆಲ್‌ಗಳು ತೀರಾ ತಪ್ಪಾಗಿ ಬರೆಯುತ್ತವೆ.

'ಟರ್ನ್ ಆನ್ ಹಾಲ್ ಫ್ಯಾನ್' ಅಂದರೂ ಸಾಧನ ಸಿಗಲಿಲ್ಲ ಅಂತ ಬಂದರೆ 'ಎಕ್ಸ್‌ಪೋಸ್' ಪಟ್ಟಿಯಲ್ಲಿ (ಅಸಿಸ್ಟೆಂಟ್‌ಗೆ ಕಾಣೋ ಸಾಧನಗಳ ಪಟ್ಟಿ) ಆ ಫ್ಯಾನ್ ಇದೆಯಾ ನೋಡಿ. ಇದ್ದರೆ, ವಿಸ್ಪರ್ ಏನಂತ ಬರೆದಿದೆ ಅಂತ ಡೀಬಗ್‌ನಲ್ಲಿ ನೋಡಿ, ಅದೇ ಹೆಸರನ್ನು ಆ ಫ್ಯಾನಿಗೆ ಏಲಿಯಾಸ್ (ಇನ್ನೊಂದು ಹೆಸರು) ಆಗಿ ಸೇರಿಸಿ. ಬ್ರೌಸರ್‌ನಲ್ಲಿ ಮೈಕ್ ಬರದಿದ್ದರೆ ಸಾಮಾನ್ಯವಾಗಿ ಕಾರಣ ಎಚ್‌ಟಿಟಿಪಿಎಸ್ (ಸುರಕ್ಷಿತ ವೆಬ್ ಸಂಪರ್ಕ) ಇಲ್ಲದಿರೋದು.