ಆಟೊಮ್ಯಾಟಿಕ್ ಕಾರನ್ನು ಡಿ (ಡ್ರೈವ್) ಗೆ ಹಾಕಿದರೆ ಇಂಜಿನ್ ಬಂದ್: ಗೇರ್‌ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿ

ಕಳೆದ ಮಳೆಗಾಲ. ಥಾಣೆಯ ನಮ್ಮ ಸೊಸೈಟಿಯ ಪಾರ್ಕಿಂಗ್. ಬೆಳಗಿನ ಐದು ಗಂಟೆಗೆ ಸಾಮಾನೆಲ್ಲ ತುಂಬಿಸಿಕೊಂಡು ಊರಿಗೆ ಹೊರಟು ಕೂತಿದ್ದೆವು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬ್ರೇಕ್ ಒತ್ತಿ ರಿವರ್ಸ್‌ಗೆ ಹಾಕಿದೆ. ಮೈ ಕೊಡವಿದ ಹಾಗೆ ಒಮ್ಮೆ ಅದುರಿ ಇಂಜಿನ್ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ರಿವರ್ಸ್, ಮತ್ತೆ ಬಂದ್. ನಾಲ್ಕನೇ ಸಲಕ್ಕೆ ವಾಚ್‌ಮನ್ ಟಾರ್ಚ್ ಹಿಡಿದು ಬಂದು ನಿಂತ. ಹಿಂದಿನ ಸೀಟಿನಿಂದ ಅತ್ತೆ, "ಇವತ್ತು ಹೊರಡೋದು ಬೇಡ ಅಂತ ನಾನು ಮೊದಲೇ ಹೇಳಿದ್ದೆ" ಅಂದರು.

ಹತ್ತಿರದ ಗ್ಯಾರೇಜಿನವರು ಎರಡು ನಿಮಿಷ ನೋಡಿ, "ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು" ಎಂದು ತೀರ್ಪು ಕೊಟ್ಟರು. ಮನಸ್ಸು ಒಪ್ಪಲಿಲ್ಲ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಕೆಲಸ ಮಾಡುವ ವಿಜಯಪುರ ಕಡೆಯ ಮಿಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಗೇರ್ ಲಿವರ್ ಮುಟ್ಟಲೇ ಇಲ್ಲ. "ಗೇರ್ ಕಡೆ ಆಮ್ಯಾಲೆ ಹೋಗೂಣ್ರಿ ಸರ. ನ್ಯೂಟ್ರಲ್‌ನ್ಯಾಗ ಇಟ್ಟು ಬರೇ ಬ್ರೇಕ್ ಒತ್ರಿ" ಅಂದರು. ಒತ್ತಿದೆ. ಪೆಡಲ್ ಬುಡದಲ್ಲಿ ಸುಯ್ ಅಂತ ಸದ್ದು. ಇಂಜಿನ್ ಬಂದ್. ಗೇರ್ ಹಾಕಿಯೇ ಇರಲಿಲ್ಲ!

ಆಟೊಮ್ಯಾಟಿಕ್ ಕಾರಿನಲ್ಲಿ ಸಾಮಾನ್ಯವಾಗಿ ಬ್ರೇಕ್ ಒತ್ತಿಯೇ ಗೇರ್ ಹಾಕಬೇಕು. ಹಾಗಾಗಿ ಬ್ರೇಕಿನ ತಪ್ಪು ಗೇರಿನ ತಲೆಗೆ ಬರುತ್ತದೆ. ಬೇರೆ ತಪ್ಪುಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಸುಮ್ನೆ ನಿಂತಾಗ ಹೇಗೋ ಉಸಿರಾಡಿಕೊಂಡಿದ್ದ ಇಂಜಿನ್, ಗೇರಿನ ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಬೈಗುಳ ಮಾತ್ರ ಗೇರ್‌ಬಾಕ್ಸ್‌ಗೆ.

ಮೊದಲು ನಿಮ್ಮ ಗೇರ್‌ಬಾಕ್ಸ್ ಯಾವ ಜಾತಿಯದು ತಿಳಿದುಕೊಳ್ಳಿ

ಎರಡೇ ಪೆಡಲ್ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಮಾರುತಿ 2014ರಲ್ಲಿ ಸೆಲೆರಿಯೊದಲ್ಲಿ ತಂದದ್ದು ಎಎಂಟಿ. ಅದರೊಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಎಡಗಾಲು, ಎಡಗೈ ಬದಲು ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ, ಅಷ್ಟೇ. ಅಂಥ ಕಾರು ಗೇರಿಗೆ ಹಾಕಿದ ಕೂಡಲೇ ನಿಂತರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಇದು ಮನೆಯಲ್ಲಿ ಬಗೆಹರಿಯುವ ಕೆಲಸವಲ್ಲ, ಗ್ಯಾರೇಜಿಗೇ ಹೋಗಿ.

ಮುಂದೆ ಹೇಳುವುದು ಹೆಚ್ಚಾಗಿ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಪೆಟ್ರೋಲ್ ಕಾರುಗಳ ಮಾತು. ಹೆಚ್ಚಿನ ಸಿವಿಟಿ (ಗೇರ್ ಹಲ್ಲಿನ ಬದಲು ಬೆಲ್ಟ್ ಇರುವ) ಕಾರುಗಳಲ್ಲೂ ಅದು ಇರುತ್ತದೆ. ನೀರು ತುಂಬಿದ ಬಕೆಟ್‌ನಲ್ಲಿ ಒಂದು ಚೊಂಬು ತೇಲುತ್ತಿದೆ ಅಂದುಕೊಳ್ಳಿ. ಕೈಯಿಂದ ನೀರು ತಿರುವಿದರೆ ಚೊಂಬೂ ತಿರುಗುತ್ತದೆ, ಕೈ ಅದನ್ನು ಮುಟ್ಟಿಲ್ಲ. ಚೊಂಬನ್ನು ಯಾರಾದರೂ ಗಟ್ಟಿಯಾಗಿ ಹಿಡಿದರೂ ನೀವು ನೀರು ತಿರುವುತ್ತಲೇ ಇರಬಹುದು, ಕೈಗೆ ಸ್ವಲ್ಪ ಭಾರ ಅನಿಸುತ್ತದೆ ಅಷ್ಟೆ. ಕೈ ಅಂದರೆ ಇಂಜಿನ್, ಚೊಂಬು ಅಂದರೆ ಗೇರ್‌ಬಾಕ್ಸ್, ನೀರು ಅಂದರೆ ಒಳಗಿನ ಆಯಿಲ್. ಸಿಗ್ನಲ್‌ನಲ್ಲಿ ಡಿ ಯಲ್ಲೇ ಬ್ರೇಕ್ ಹಿಡಿದು ನಿಂತರೂ ಇಂಜಿನ್ ಓಡುತ್ತಿರುವುದು ಹೀಗೆ. ಆ 'ಸ್ವಲ್ಪ ಭಾರ' ತಡೆಯದ ಇಂಜಿನ್ ನಿಲ್ಲುತ್ತದೆ.

ಪರೀಕ್ಷೆ ಶುರು ಮಾಡುವ ಮುಂಚೆ

ಕಾರನ್ನು ಬೇಸ್‌ಮೆಂಟಿನಿಂದ ಹೊರಗೆ ತೆಗೆಯಿರಿ. ಮುಚ್ಚಿದ ಜಾಗದಲ್ಲಿ ಹೊಗೆ ತುಂಬುವುದು ಪ್ರಾಣಕ್ಕೆ ಅಪಾಯ. ತಳ್ಳಬೇಕಾದರೆ ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಸ್ಟೀರಿಂಗ್ ಮುಂದೆ ಕೂತು ತಳ್ಳಿಸಿ. ಸಮತಟ್ಟಾದ ಜಾಗ ನೋಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಗಳ ಹಿಂದೆ ಮುಂದೆ ಇಟ್ಟಿಗೆ ಇಡಿ. ಕಾರಿನ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು. ನೋಡಲು ಬಂದ ಪಕ್ಕದ ಫ್ಲ್ಯಾಟಿನವರೂ ಅಷ್ಟೇ.

ಒಂದು: ಪಿ (ಪಾರ್ಕ್) ಯಲ್ಲಿಟ್ಟು ಸ್ಟಾರ್ಟ್ ಮಾಡಿ, ಎಸಿ ಆಫ್ ಮಾಡಿ, ಇಂಜಿನ್ ಬಿಸಿಯಾಗುವ ತನಕ ಕಾಯಿರಿ. ಆರ್‌ಪಿಎಂ ಮುಳ್ಳು ನೋಡಿ. ಬಿಸಿಯಾದ ಪೆಟ್ರೋಲ್ ಇಂಜಿನ್ ಸುಮಾರು 650ರಿಂದ 800ರೊಳಗೆ ಅಲುಗದೆ ನಿಲ್ಲಬೇಕು. ಮುಳ್ಳು 500ರ ಹತ್ತಿರ ಇಳಿಯುತ್ತಿದ್ದರೆ, ಮೇಲೆ ಕೆಳಗೆ ತೂಗುತ್ತಿದ್ದರೆ ಗೇರ್‌ಬಾಕ್ಸ್ ಬಿಡಿ, ಇಂಜಿನ್ ಕಡೆಯೇ ನೋಡಿ. ಎಸಿ ಹಾಕಿದಾಗಲೂ ತಡವರಿಸಿದರೆ ಅನುಮಾನ ಇನ್ನೂ ಗಟ್ಟಿ.

ಎರಡು: ಮಿಸ್ತ್ರಿ ಮಾಡಿಸಿದ ಪರೀಕ್ಷೆ. ಆರ್ ಗೂ ಡಿ ಗೂ ಹಾಕದೆ, ನ್ಯೂಟ್ರಲ್‌ನಲ್ಲಿಟ್ಟು ಬ್ರೇಕ್ ಜೋರಾಗಿ ಒತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್‌ಗೆ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಡಬ್ಬಿ) ಬಲ ಬರುವುದು ಇಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡ್‌ನಿಂದ. ಬೂಸ್ಟರ್ ಒಳಗಿನ ರಬ್ಬರ್ ಡಯಾಫ್ರಮ್ ಹರಿದಿದ್ದರೆ, ಪೆಡಲ್ ಒತ್ತಿದಾಗಲೆಲ್ಲ ಲೆಕ್ಕಕ್ಕೆ ಸಿಗದ ಗಾಳಿ ಇಂಜಿನ್‌ಗೆ ನುಗ್ಗುತ್ತದೆ. ಪೆಟ್ರೋಲ್‌ಗೂ ಗಾಳಿಗೂ ಇರಬೇಕಾದ ಹದ ಕೆಡುತ್ತದೆ. ಖಚಿತ ಮಾಡಿಕೊಳ್ಳಲು ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರದಿದ್ದರೆ ಬೂಸ್ಟರ್ ಅಥವಾ ಅದರ ಪೈಪು ಕೆಟ್ಟಿದೆ. ಆ ಕಾರನ್ನು ಓಡಿಸಬೇಡಿ, ಬ್ರೇಕ್ ಹಿಡಿಯಲು ಕಾಲಿನ ಪೂರ್ತಿ ಬಲ ಬೇಕಾಗುತ್ತದೆ. ಡೀಸೆಲ್ ಕಾರಿಗೆ ಸಾಮಾನ್ಯವಾಗಿ ಬೇರೆಯೇ ವ್ಯಾಕ್ಯೂಮ್ ಪಂಪ್ ಇರುತ್ತದೆ, ಅಲ್ಲಿ ಈ ಕಾರಣಕ್ಕೆ ಇಂಜಿನ್ ನಿಲ್ಲುವುದಿಲ್ಲ.

ಮೂರು: ಬ್ರೇಕಿನ ತಪ್ಪಲ್ಲ ಅಂತಾದರೆ ಈಗ ಗೇರ್. ಬ್ರೇಕ್ ಒತ್ತಿಯೇ ಇದ್ದು ಎನ್ (ನ್ಯೂಟ್ರಲ್) ನಿಂದ ಆರ್ (ರಿವರ್ಸ್), ಮತ್ತೆ ಎನ್, ಆಮೇಲೆ ಡಿ. ಸರಿಯಿರುವ ಕಾರಿನಲ್ಲಿ ಮುಳ್ಳು ಚೂರು ಕುಸಿದು ತಕ್ಷಣ ಸಾವರಿಸಿಕೊಳ್ಳುತ್ತದೆ. ನಿಮ್ಮ ಕಾರು ಯಾವುದರಲ್ಲಿ ನಿಲ್ಲುತ್ತದೆ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಉಸಿರು ಕಟ್ಟಿದ ಹಾಗೆ ನಿಧಾನವಾಗಿ ನಿಲ್ಲುತ್ತದೋ ಧಡಕ್ ಅಂತ ನಿಲ್ಲುತ್ತದೋ, ಎಲ್ಲ ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಈ ಚೀಟಿ ತೋರಿಸಿದರೆ ಗ್ಯಾರೇಜಿನವರ ಮಾತಿನ ಧಾಟಿಯೇ ಬದಲಾಗುತ್ತದೆ.

ನಿಧಾನವಾಗಿ ಉಸಿರು ಕಟ್ಟಿ ನಿಂತರೆ ಹೆಚ್ಚಾಗಿ ಗಾಳಿಯ ಸಮಸ್ಯೆ. ಇಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಬಾಡಿಯ ತಟ್ಟೆಯ ಅಂಚಿಗೆ ಕಪ್ಪು ಮಸಿ ಕಟ್ಟಿರುತ್ತದೆ. ಘೋಡ್‌ಬಂದರ್ ರಸ್ತೆಯಂಥ ಕಡೆ ದಿನಾ ತೆವಳುವ ಕಾರುಗಳಲ್ಲಿ ಇದನ್ನು ನೋಡದೆ ಮುಂದೆ ಹೋಗಲೇಬಾರದು. ಥ್ರಾಟಲ್ ಬಾಡಿ ಕ್ಲೀನರ್ ಹಾಕಿದ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಇಗ್ನಿಷನ್ ಆನ್ ಇದ್ದಾಗ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ, ಮೋಟಾರಿನ ಹಲ್ಲು ಹೋಗುತ್ತದೆ, ಬೆರಳೂ ಸಿಕ್ಕಿಕೊಳ್ಳಬಹುದು. ತೊಳೆದ ಮೇಲೆ ಹಲವು ಕಾರುಗಳಲ್ಲಿ ಐಡಲ್ (ಸುಮ್ನೆ ನಿಂತಾಗಿನ ಆರ್‌ಪಿಎಂ) ಎಷ್ಟಿರಬೇಕೆಂದು ಕಾರಿನ ಕಂಪ್ಯೂಟರ್‌ಗೆ ಮತ್ತೆ ಕಲಿಸಬೇಕಾಗುತ್ತದೆ, ಕ್ರಮವನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ. ಬ್ಯಾಟರಿ ಬದಲಾಯಿಸಿದ ಮರುದಿನದಿಂದ ತೊಂದರೆ ಶುರುವಾಗಿದ್ದರೂ ಇದೇ ಕಾರಣ ಇರಬಹುದು.

ಮುಂಬೈಯಲ್ಲಿ ಇನ್ನೊಬ್ಬ ಅಪರಾಧಿ ಇದ್ದಾನೆ: ಇಲಿ. ಮಳೆ ಬಂತೆಂದರೆ ಬೆಚ್ಚಗಿನ ಬಾನೆಟ್ ಒಳಗೆ ಸಂಸಾರ ಹೂಡುತ್ತದೆ. ಸಣ್ಣ ವ್ಯಾಕ್ಯೂಮ್ ಪೈಪು, ಸೆನ್ಸರ್ ವೈರು ಅದಕ್ಕೆ ಚಕ್ಕುಲಿ ಇದ್ದ ಹಾಗೆ. ಇಂಜಿನ್ ಓಡುವಾಗ ಹಿಸ್ ಅನ್ನುವ ಸದ್ದಿಗೆ ಕಿವಿ ಕೊಡಿ, ಕೈ ಮಾತ್ರ ಫ್ಯಾನು ಬೆಲ್ಟಿನಿಂದ ದೂರ ಇರಲಿ.

ಧಡಕ್ ಅಂತ ನಿಲ್ಲುವುದೇ ನಿಜವಾಗಿ ಗೇರ್‌ಬಾಕ್ಸ್ ಕಡೆಯ ಸುಳಿವು. ಜಾಸ್ತಿ ವೇಗದಲ್ಲಿ ಪೆಟ್ರೋಲ್ ಉಳಿಸಲು ಟಾರ್ಕ್ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಎರಡೂ ಭಾಗಗಳನ್ನು ಒಂದಾಗಿ ಹಿಡಿಯುತ್ತದೆ. ಕೈ ಹೋಗಿ ಚೊಂಬನ್ನೇ ಹಿಡಿದ ಹಾಗೆ. ನಿಲ್ಲುವಾಗ ಅದು ಬಿಡಬೇಕು. ಬಿಡದಿದ್ದರೆ, ಕ್ಲಚ್ ಒತ್ತದೆ ಗೇರಿನಲ್ಲಿ ನಿಲ್ಲಿಸಿದ ಮ್ಯಾನ್ಯುಯಲ್ ಕಾರಿನ ಗತಿಯೇ. ಎನ್ ನಲ್ಲಿ ಎಷ್ಟು ಹೊತ್ತಾದರೂ ಚೆನ್ನಾಗಿ ಓಡುತ್ತದೆ, ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಎಗರಿ ಬಂದ್ ಆಗುತ್ತದೆ ಅಂದರೆ ಲಾಕಪ್ ಸೊಲೆನಾಯ್ಡ್ (ಆ ಕ್ಲಚ್ಚನ್ನು ಹಿಡಿಸಿ ಬಿಡಿಸುವ ವಿದ್ಯುತ್ ವಾಲ್ವ್) ನೋಡಲು ಹೇಳಿ. ಅದನ್ನು ಮಾತ್ರ ಬದಲಾಯಿಸಿದರೆ ಸಾಕಾಗುವ ಕಾರುಗಳೂ ಇವೆ. ಗೇರ್ ಆಯಿಲ್ ಕಮ್ಮಿಯಾದರೆ ಸಾಮಾನ್ಯವಾಗಿ ಕಾರು ಜಾರುತ್ತದೆ, ಗೇರ್ ತಡವಾಗಿ ಬೀಳುತ್ತದೆ, ಇಂಜಿನ್ ನಿಲ್ಲುವುದು ಅಪರೂಪ. ಆದರೂ ಸುಟ್ಟ ವಾಸನೆ ಇದೆಯೇ ನೋಡಿಸಿ.

ಕೊನೆಗೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಓದುವ ಸಾಧನ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಪಿ0506 ಬಂದರೆ ಐಡಲ್ ಇರಬೇಕಾದ್ದಕ್ಕಿಂತ ಕಮ್ಮಿ. ಪಿ0171 ಬಂದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಮ್ಮಿ. ಪಿ0742 ಅಂದರೆ ಲಾಕಪ್ ಬಿಡುತ್ತಿಲ್ಲ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳಲ್ಲಿ ಕೆಲವು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಅದರಲ್ಲಿ ಏನೂ ಕಾಣದಿದ್ದರೆ ಗೇರ್‌ಬಾಕ್ಸ್ ಸರಿಯಿದೆ ಅಂತಲ್ಲ. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಕಂಪ್ಯೂಟರನ್ನೂ ಓದಿಸಿ, ಕೋಡ್ ಅಳಿಸುವ ಮುಂಚೆ ಫೋಟೊ ತೆಗೆದುಕೊಳ್ಳಿ.

ಕಾರನ್ನು ಎಳೆಸಬೇಕಾಗಿ ಬಂದರೆ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆಸಬೇಡಿ. ಇಂಜಿನ್ ಬಂದ್ ಇದ್ದಾಗ ಗೇರ್‌ಬಾಕ್ಸಿನೊಳಗೆ ಆಯಿಲ್ ಪಂಪ್ ಓಡುವುದಿಲ್ಲ. ಪೂರ್ತಿ ಎತ್ತಿಟ್ಟು ಒಯ್ಯುವ ಫ್ಲ್ಯಾಟ್‌ಬೆಡ್ ಗಾಡಿಯನ್ನೇ ಕರೆಸಿ. ಲಿವರ್ ಪಿ ಯಲ್ಲೇ ಸಿಕ್ಕಿಕೊಂಡಿದ್ದರೆ ಅನೇಕ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಸಣ್ಣ ಮುಚ್ಚಳ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡು, ಮುಚ್ಚಳ ತೆಗೆದು ಒಳಗೆ ಕೀ ಒತ್ತಿ ಹಿಡಿದು ಸರಿಸಿದರೆ ಲಿವರ್ ನ್ಯೂಟ್ರಲ್‌ಗೆ ಬರುತ್ತದೆ.