ಸೈಡ್ ಬೈ ಸೈಡ್ ಗಾಡಿ ಕೊಳ್ಳುವಾಗ: ಬೆಲೆ ಮತ್ತು ಬಾಳಿಕೆಯ ಲೆಕ್ಕ

ಇಬ್ಬರು ಪಕ್ಕಪಕ್ಕ ಕೂತು, ಸ್ಟೀರಿಂಗ್ ಹಿಡಿದು, ಹೊಲ ಕಾಡು ಕೆಸರು ಮರಳಿನಲ್ಲಿ ಓಡಿಸುವ ಸೈಡ್ ಬೈ ಸೈಡ್ ಗಾಡಿಗಳ ಆಯಸ್ಸನ್ನು ಕಿಲೋಮೀಟರಿಗಿಂತ ಹೆಚ್ಚಾಗಿ ಗಂಟೆಗಳಲ್ಲೇ ಅಳೆಯುತ್ತಾರೆ. ಖರ್ಚನ್ನೂ ಗಂಟೆಯ ಲೆಕ್ಕದಲ್ಲಿ ಹಿಡಿದರೆ ಮಾತ್ರ ಯಾವ ಗಾಡಿ ನಿಜಕ್ಕೂ ಅಗ್ಗ ಎಂಬುದು ಗೊತ್ತಾಗುತ್ತದೆ. ಶೋರೂಮಿನ ಬೆಲೆಚೀಟಿ ಆ ಲೆಕ್ಕದ ಮೊದಲ ಸಾಲು ಅಷ್ಟೇ.

ಲೆಕ್ಕ ಹೀಗೆ ಹಾಕಿ. ಗಾಡಿಯ ಬೆಲೆಗೆ ಸಾಗಣೆ, ಜೋಡಣೆ, ತೆರಿಗೆ, ನೋಂದಣಿ ಸೇರಿಸಿ. ಅನೇಕ ಮಾದರಿಗಳಿಗೆ ಚಾವಣಿ, ಮುಂದಿನ ಗಾಜು, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಕನ್ನಡಿ ಕಂಪನಿಯಿಂದ ಬರುವುದಿಲ್ಲ. ಅವುಗಳ ಬೆಲೆಯನ್ನೂ ಈಗಲೇ ಸೇರಿಸಿ. ಸಾಗಿಸಲು ಟ್ರೇಲರ್ ಬೇಕಿದ್ದರೆ ಅದನ್ನೂ ಬಿಡಬೇಡಿ. ಗಾಡಿ ಇಟ್ಟುಕೊಳ್ಳುವಷ್ಟು ವರ್ಷಗಳ ಸರ್ವಿಸ್, ಬೆಲ್ಟ್, ಟೈರ್, ವಿಮೆ, ಸಾಲದ ಬಡ್ಡಿ ಕೂಡಿಸಿ. ಮಾರಿದಾಗ ಬರಬಹುದಾದ ಹಣ ಕಳೆಯಿರಿ. ಉಳಿದದ್ದನ್ನು ಓಡಿಸುವ ಒಟ್ಟು ಗಂಟೆಗಳಿಂದ ಭಾಗಿಸಿ.

ಕಲ್ಪಿತ ಅಂಕಿಗಳಲ್ಲಿ ನೋಡೋಣ. ಮೊದಲ ಗಾಡಿಯ ಬೆಲೆ 100. ಐದು ವರ್ಷಕ್ಕೆ ನಿರ್ವಹಣೆ 20. ಮಾರಿದರೆ 55 ಕೈಗೆ ಬರುತ್ತದೆ. ನಿವ್ವಳ ಖರ್ಚು 65. ಎರಡನೆಯದರ ಬೆಲೆ 75, ನಿರ್ವಹಣೆ 30, ಮಾರಿದರೆ 30. ನಿವ್ವಳ 75. ಎರಡೂ 500 ಗಂಟೆ ಓಡಿದರೆ ಗಂಟೆಗೆ 0.13 ಮತ್ತು 0.15. ಎರಡನೆಯದು ಬಿಡಿಭಾಗಕ್ಕೆ ಕಾಯುತ್ತ ಗ್ಯಾರೇಜಿನಲ್ಲಿ ನಿಂತು 400 ಗಂಟೆಯಷ್ಟೇ ಓಡಿದರೆ ಅದೇ ಖರ್ಚು 0.19ರ ಹತ್ತಿರಕ್ಕೆ ಏರುತ್ತದೆ. ಕಾಲು ಭಾಗ ಅಗ್ಗವೆಂದು ಕೊಂಡ ಗಾಡಿ ಕೊನೆಗೆ ದುಬಾರಿಯಾಗುವುದು ಹೀಗೆ. ಮರುಮಾರಾಟದ ಬೆಲೆಯನ್ನು ಊಹಿಸಬೇಡಿ. ಐದು ವರ್ಷ ಹಳೆಯ ಅದೇ ಮಾದರಿ ಈಗ ಎಷ್ಟಕ್ಕೆ ಕೈ ಬದಲಾಗುತ್ತಿದೆ ಎಂದು ಹತ್ತಾರು ಜಾಹೀರಾತು ನೋಡಿ ಸರಾಸರಿ ತೆಗೆಯಿರಿ.

ಗಾಡಿಯ ಜಾತಿ ಮೊದಲು

ಪೊಲಾರಿಸ್ ರೇಂಜರ್, ಕ್ಯಾನ್-ಆಮ್ ಡಿಫೆಂಡರ್, ಹೋಂಡಾ ಪಯನಿಯರ್, ಕವಾಸಾಕಿ ಮ್ಯೂಲ್, ಜಾನ್ ಡೀರ್ ಗೇಟರ್ ಇವು ಹೊರೆ ಹೊರುವ, ಎಳೆಯುವ ಗಾಡಿಗಳು. ಪೊಲಾರಿಸ್ ಆರ್‌ಝಡ್‌ಆರ್, ಕ್ಯಾನ್-ಆಮ್ ಮ್ಯಾವರಿಕ್, ಹೋಂಡಾ ಟ್ಯಾಲನ್, ಕವಾಸಾಕಿ ಕೆಆರ್‌ಎಕ್ಸ್ ವೇಗಕ್ಕೆ, ಏರುತಗ್ಗಿಗೆ ಕಟ್ಟಿದವು. ವೇಗದ ಗಾಡಿಗೆ ದಿನವೂ ನೀರಿನ ಟ್ಯಾಂಕ್ ಎಳೆಸಿದರೆ ಬೆಲ್ಟ್ ಸುಡುತ್ತದೆ. ಹೊರೆಯ ಗಾಡಿಯನ್ನು ದಿಬ್ಬದಿಂದ ಹಾರಿಸಿದರೆ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಚಾಸಿ ಬಿರಿಯುತ್ತದೆ. ಕೆಟ್ಟ ಗಾಡಿ ಎಂದು ಬೈಸಿಕೊಳ್ಳುವ ಎಷ್ಟೋ ಗಾಡಿಗಳು ತಮ್ಮದಲ್ಲದ ಕೆಲಸಕ್ಕೆ ಬಿದ್ದವು.

ಬೆಲ್ಟೇ, ಗೇರೇ?

ಬಾಳಿಕೆಯ ಪ್ರಶ್ನೆಯಲ್ಲಿ ಎಂಜಿನ್‌ಗಿಂತ ಮುಖ್ಯವಾದದ್ದು ಎಂಜಿನ್‌ನ ಬಲ ಚಕ್ರಕ್ಕೆ ಹೋಗುವ ದಾರಿ. ಬಹುಪಾಲು ಸೈಡ್ ಬೈ ಸೈಡ್‌ಗಳಲ್ಲಿ ಎರಡು ಪುಲ್ಲಿಗಳ ನಡುವೆ ಒಂದು ರಬ್ಬರ್ ಬೆಲ್ಟ್ ಇರುತ್ತದೆ, ಇದೇ ಸಿವಿಟಿ. ಪುಲ್ಲಿಯ ಎರಡು ಮುಖಗಳು ಬೆಲ್ಟನ್ನು ಅದುಮಿ ಹಿಡಿದಷ್ಟೂ ಬಲ ದಾಟುತ್ತದೆ. ಹಿಡಿತ ಜಾರಿದರೆ ಬಿಸಿ ಹುಟ್ಟುತ್ತದೆ, ಬಿಸಿಗೆ ಬೆಲ್ಟಿನ ಅಂಚು ಗಾಜಿನಂತೆ ನುಣುಪಾಗುತ್ತದೆ, ನುಣುಪಾದದ್ದು ಇನ್ನಷ್ಟು ಜಾರುತ್ತದೆ. ಕೊನೆಗೆ ಅದು ಹರಿದಾಗ ಒಳಗಿನ ದಾರಗಳು ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನೂ ಕಿತ್ತುಹಾಕಬಹುದು. ಆಗ ಬೆಲ್ಟಿನ ಖರ್ಚಿಗೆ ಸೀಲಿನ ಕೆಲಸವೂ ಕೂಡಿಕೊಳ್ಳುತ್ತದೆ.

ಬೆಲ್ಟ್ ಬೇಗ ಹೋಗಲು ಕಾರಣಗಳು ಹೆಚ್ಚೇನಿಲ್ಲ: ನಿಧಾನದ ಏರಿನಲ್ಲಿ, ಹೊರೆ ಎಳೆಯುವಾಗ ಲೋ ಹಾಕದೆ ಹೈ ಗೇರಿನಲ್ಲೇ ಓಡಿಸುವುದು, ಕಂಪನಿಯ ಅಳತೆಗಿಂತ ದೊಡ್ಡ ಟೈರ್ ಹಾಕುವುದು, ಬೆಲ್ಟಿನ ಡಬ್ಬಿಗೆ ನೀರು ಹೋಗುವುದು, ಅದಕ್ಕೆ ಗಾಳಿ ತರುವ ಕೊಳವೆ ಕೆಸರಿನಿಂದ ಕಟ್ಟಿಕೊಳ್ಳುವುದು, ಹೊಸ ಬೆಲ್ಟನ್ನು ಪಳಗಿಸದೆ ಮೊದಲ ದಿನವೇ ಪೂರ್ತಿ ಆಕ್ಸಿಲರೇಟರ್ ಒತ್ತುವುದು. ಹೊಸ ಬೆಲ್ಟ್ ಹಾಕಿದ ಮೇಲೆ ಮೊದಲ 50ರಿಂದ 80 ಕಿ.ಮೀ. ಹದವಾಗಿ, ವೇಗ ಬದಲಿಸುತ್ತ ಓಡಿಸಿ. ಸಿವಿಟಿ ಗಾಡಿ ಕೊಂಡರೆ ಒಂದು ಹೆಚ್ಚುವರಿ ಬೆಲ್ಟ್ ಮತ್ತು ಅದನ್ನು ಬದಲಿಸುವ ಸಲಕರಣೆ ಯಾವಾಗಲೂ ಗಾಡಿಯಲ್ಲೇ ಇರಲಿ. ಅದರ ಬೆಲೆ ಮೊದಲ ದಿನದ ಲೆಕ್ಕಕ್ಕೇ ಸೇರಬೇಕು.

ಎಲ್ಲ ಬೆಲ್ಟ್ ಗಾಡಿಗಳೂ ಒಂದೇ ತರಹ ಅಲ್ಲ. ಯಮಾಹಾ ವೂಲ್ವರೀನ್, ಕವಾಸಾಕಿ ಕೆಆರ್‌ಎಕ್ಸ್‌ಗಳಲ್ಲಿ ಎಂಜಿನ್ ವೇಗ ಏರಿದಾಗ ತಾನಾಗಿ ಹಿಡಿಯುವ ಪ್ರತ್ಯೇಕ ಸೆಂಟ್ರಿಫ್ಯೂಗಲ್ ಕ್ಲಚ್ ಇದೆ. ಗಾಡಿ ನಿಂತಿದ್ದಾಗಲೂ ಬೆಲ್ಟ್ ಬಿಗಿಯಾಗಿಯೇ ಇರುತ್ತದೆ. ಹೊರಡುವಾಗಿನ ಜಾರುವಿಕೆಯನ್ನು ಬೆಲ್ಟಿನ ಬದಲು ಕ್ಲಚ್ ತಾಳಿಕೊಳ್ಳುತ್ತದೆ. ಹೋಂಡಾ ಪಯನಿಯರ್ 1000 ಮತ್ತು ಟ್ಯಾಲನ್‌ಗಳಲ್ಲಿ ಬೆಲ್ಟೇ ಇಲ್ಲ, ಎರಡು ಕ್ಲಚ್ಚುಗಳು ಸರದಿಯಲ್ಲಿ ಗೇರ್ ಬದಲಿಸುವ ಆರು ಗೇರಿನ ಡ್ಯುಯಲ್ ಕ್ಲಚ್ ಪೆಟ್ಟಿಗೆ. ಕುಬೋಟಾ ಆರ್‌ಟಿವಿ-ಎಕ್ಸ್1100ಸಿಯಲ್ಲಿ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್, ಎಣ್ಣೆಯ ಒತ್ತಡದಿಂದ ಬಲ ದಾಟಿಸುವ ಹೈಡ್ರೊಸ್ಟ್ಯಾಟಿಕ್ ಪಂಪು. ವೇಗ ಕಡಿಮೆ, ಆದರೆ ದಿನವಿಡೀ ಹೊರೆಗೆ ಹೇಳಿ ಮಾಡಿಸಿದ್ದು. ಬೆಲ್ಟಿಲ್ಲದ ಗಾಡಿಗಳ ಗೇರ್ ಪೆಟ್ಟಿಗೆ ಕೆಡುವುದು ಅಪರೂಪ, ಆದರೆ ಕೆಟ್ಟರೆ ದಾರಿಬದಿಯಲ್ಲಿ ಬಿಚ್ಚಿ ಸರಿಮಾಡುವಂಥದ್ದಲ್ಲ, ಖರ್ಚೂ ದೊಡ್ಡದು. ಕೆಲಸ ನಿಧಾನದ್ದು, ಹೊರೆಯದು, ದಿನವೂ ಆಗುವಂಥದ್ದು ಎಂದಾದರೆ ಬೆಲ್ಟಿಲ್ಲದ ಗಾಡಿಗೆ ಹೆಚ್ಚು ಹಣ ಕೊಡುವುದು ಸರಿಯಾದ ವ್ಯಾಪಾರ. ವಾರಕ್ಕೊಮ್ಮೆ ಸುತ್ತಾಟಕ್ಕಾದರೆ ಒಳ್ಳೆಯ ಸಿವಿಟಿ ಸಾಕು.

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಬಗ್ಗೆ ಒಂದೇ ಮಾತು: ಮರಳು ದಿಬ್ಬ ಅಥವಾ ಎತ್ತರದ ಪ್ರದೇಶದಲ್ಲಿ ಓಡಿಸುವುದಿಲ್ಲವಾದರೆ ಬೇಡ. ಬಿಸಿ ಹೆಚ್ಚು, ಬೆಲ್ಟಿನ ಮೇಲೆ ಒತ್ತಡ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು.

ಮಾದರಿಯ ಮೊದಲ ವರ್ಷ, ಮತ್ತು ರೀಕಾಲ್

ಹೊಚ್ಚಹೊಸ ವಿನ್ಯಾಸದ ಮೊದಲ ವರ್ಷದ ಗಾಡಿಯನ್ನು ಬಿಟ್ಟು ಎರಡನೇ ಅಥವಾ ಮೂರನೇ ವರ್ಷದ್ದನ್ನು ಹಿಡಿಯುವುದು ಜಾಣತನ. ವೈರಿಂಗ್ ಎಲ್ಲಿ ಉಜ್ಜುತ್ತದೆ, ಯಾವ ಕೊಳವೆ ಬಿಸಿಗೆ ಕರಗುತ್ತದೆ ಎಂಬುದು ಗ್ರಾಹಕರ ಕೈಯಲ್ಲಿ ಓಡಿದ ಮೇಲೆಯೇ ಬಯಲಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಪೊಲಾರಿಸ್ ತನ್ನ 2013ರಿಂದ 2016ರ ಆರ್‌ಝಡ್‌ಆರ್ 900 ಮತ್ತು 1000 ಮಾದರಿಯ ಸುಮಾರು 1,33,000 ಗಾಡಿಗಳನ್ನು ಬೆಂಕಿಯ ಅಪಾಯದಿಂದಾಗಿ ವಾಪಸ್ ಕರೆಸಿಕೊಂಡಿತು (ಇದೇ ರೀಕಾಲ್). 2018ರಲ್ಲಿ ದೋಷವನ್ನು ಸಕಾಲದಲ್ಲಿ ವರದಿ ಮಾಡಲಿಲ್ಲವೆಂಬ ಆರೋಪದ ಇತ್ಯರ್ಥಕ್ಕೆ 2.725 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ಯಮಾಹಾ ರೈನೊ ಗಾಡಿಗಳಿಗೂ ಅವು ಪಲ್ಟಿಯಾಗುತ್ತಿದ್ದ ಕಾರಣ 2009ರಲ್ಲಿ ಉಚಿತ ಮಾರ್ಪಾಡು ಘೋಷಿಸಬೇಕಾಯಿತು: ಹಿಂದಿನ ಚಕ್ರಗಳ ನಡುವಿನ ಅಗಲ ಹೆಚ್ಚಿಸಲು ಸ್ಪೇಸರ್ ಹಾಕಿ, ಎಡಬಲ ಸಸ್ಪೆನ್ಷನ್ ಜೋಡಿಸುವ ಹಿಂದಿನ ಸರಳನ್ನು (ಸ್ವೇ ಬಾರ್) ತೆಗೆದರು.

ರೀಕಾಲ್ ಆದ ಮಾದರಿ ಎಂದಾಕ್ಷಣ ಕೈಬಿಡಬೇಕಿಲ್ಲ. ಚಾಸಿಯ ಮೇಲೆ ಕೊರೆದಿರುವ 17 ಅಕ್ಷರಗಳ ಸಂಖ್ಯೆಯನ್ನು ಕಂಪನಿಯ ಡೀಲರಿಗೆ ಕೊಟ್ಟು, ಬಾಕಿ ರೀಕಾಲ್ ಕೆಲಸ ಏನಿದೆ ಎಂದು ಬರಹದಲ್ಲಿ ಪಡೆಯಿರಿ. ಕೆಲಸ ಮುಗಿದ ದಾಖಲೆ ಇರುವ ಗಾಡಿ ಒಳ್ಳೆಯದೇ.

ಡೀಲರ್ ಎಷ್ಟು ದೂರ

ಖರೀದಿಗೆ ಮುನ್ನ ಸರ್ವಿಸ್ ವಿಭಾಗಕ್ಕೆ ಫೋನ್ ಮಾಡಿ. ಈಗ ಗಾಡಿ ತಂದುಬಿಟ್ಟರೆ ಎಷ್ಟು ದಿನಕ್ಕೆ ಕೈಗೆ ಸಿಗುತ್ತದೆ? ಬೆಲ್ಟ್, ಮುಂದಿನ ಆಕ್ಸಲ್, ಚಕ್ರದ ಬೇರಿಂಗ್, ಬಾಲ್ ಜಾಯಿಂಟ್ ದಾಸ್ತಾನಿನಲ್ಲಿವೆಯೇ, ಒಂದೊಂದರ ಬೆಲೆ ಎಷ್ಟು? ಗಂಟೆಗೆ ಕೂಲಿ ಎಷ್ಟು? ಉತ್ತರ ತಡವರಿಸಿದರೆ ಅಗ್ಗದ ಗಾಡಿಯ ಅಗ್ಗತನ ಅಲ್ಲೇ ಕರಗಿತೆಂದು ತಿಳಿಯಿರಿ. ವಾರಂಟಿ ಕೆಲವಕ್ಕೆ ಆರೇ ತಿಂಗಳು, ಕೆಲವಕ್ಕೆ ಒಂದು ವರ್ಷ ಅಥವಾ ಹೆಚ್ಚು. ಹೆಚ್ಚುವರಿ ವಾರಂಟಿ ಕೊಳ್ಳುವುದಾದರೆ ಬೆಲ್ಟ್, ಬುಷ್, ಬೇರಿಂಗ್ ಸೇರಿವೆಯೇ ಎಂದು ಓದಿ. ಸವೆಯುವ ಭಾಗಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಎಂಜಿನ್ ಕಂಪ್ಯೂಟರಿನ ಟ್ಯೂನಿಂಗ್ ಬದಲಿಸಿದರೆ ಅಥವಾ ದೊಡ್ಡ ಟೈರ್ ಹಾಕಿದರೆ ಕ್ಲೇಮ್ ತಿರಸ್ಕಾರವಾಗಬಹುದು.

ಸೆಕೆಂಡ್ ಹ್ಯಾಂಡ್ ಗಾಡಿಯನ್ನು ನೋಡುವ ಕ್ರಮ

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ; ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದು ತಣ್ಣಗಿರುವಾಗ.

ಮೊದಲು ತೆಗೆಯಬೇಕಾದದ್ದು ಏರ್ ಫಿಲ್ಟರ್. ಫಿಲ್ಟರ್ ಕೊಳೆಯಾಗಿದ್ದರೆ ಚಿಂತೆಯಿಲ್ಲ, ಅದರ ಕೆಲಸವೇ ಅದು. ಫಿಲ್ಟರ್ ದಾಟಿ ಎಂಜಿನ್ ಕಡೆಗೆ ಹೋಗುವ ಕೊಳವೆಯ ಒಳಗೋಡೆಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ನಯವಾದ ಧೂಳು ಅಂಟಿದರೆ ಎಂಜಿನ್ ಧೂಳು ನುಂಗಿದೆ. ಆ ಧೂಳು ಎಣ್ಣೆಯೊಂದಿಗೆ ಬೆರೆತು ಸಿಲಿಂಡರನ್ನೂ ರಿಂಗುಗಳನ್ನೂ ಉಪ್ಪುಕಾಗದದಂತೆ ತಿಂದಿರುತ್ತದೆ. ಇಂಥ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಎಂಜಿನ್ ಕೆಲಸದ ಖರ್ಚು ಕಳೆದೇ ಬೆಲೆ ಹೇಳಿ, ಇಲ್ಲವೇ ಬಿಡಿ.

ಆಮೇಲೆ ಮೀಟರ್ ನೋಡಿ, ಕಿಲೋಮೀಟರನ್ನು ಗಂಟೆಗಳಿಂದ ಭಾಗಿಸಿ. ಸರಾಸರಿ 8ರಿಂದ 12 ಬಂದರೆ ನಿಧಾನದ ಕೆಲಸದ ಗಾಡಿ: ಎಂಜಿನ್ ಹೆಚ್ಚು ಹೊತ್ತು ಓಡಿದೆ, ಎಣ್ಣೆ ಬದಲಾವಣೆಯ ದಾಖಲೆಗಳನ್ನು ಗಂಟೆ ಲೆಕ್ಕದಲ್ಲಿ ಕೇಳಿ. 25 ದಾಟಿದರೆ ವೇಗವಾಗಿ ಓಡಿಸಿದ್ದಾರೆ: ಬೇರಿಂಗ್, ಬುಷ್, ಶಾಕ್‌ಗಳ ಮೇಲೆ ಕಣ್ಣಿಡಿ.

ಬೆಲ್ಟಿನ ಕವರ್ ಬಿಚ್ಚಿಸಿ. ಬೆಲ್ಟಿನ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆದು ಕಂಪನಿ ಕೈಪಿಡಿಯ ಕನಿಷ್ಠ ಅಳತೆಗೆ ಹೋಲಿಸಿ. ಒಂದೇ ಜಾಗದಲ್ಲಿ ಬೆಲ್ಟ್ ಕಿರಿದಾಗಿದ್ದರೆ, ಗಾಡಿ ಸಿಕ್ಕಿಹಾಕಿಕೊಂಡಾಗ ಪುಲ್ಲಿ ಅಲ್ಲೇ ತಿರುಗಿ ಅದನ್ನು ಸುಟ್ಟಿದೆ. ಪುಲ್ಲಿಯ ಮುಖವನ್ನು ಉಗುರಿನಿಂದ ಕೆರೆಯಿರಿ. ಉಗುರು ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಹೊಸ ಬೆಲ್ಟ್ ಹಾಕಿದರೂ ಬಾಳುವುದಿಲ್ಲ. ಮೂಲೆಗಳಲ್ಲಿ ಹಳೆಯ ಬೆಲ್ಟಿನ ಚೂರು, ಕೆಸರಿನ ಗುರುತು ಇದೆಯೇ ಎಂದೂ ನೋಡಿ.

ಎಂಜಿನ್ ಎಣ್ಣೆ, ಗೇರ್ ಪೆಟ್ಟಿಗೆ, ಎಡಬಲ ಚಕ್ರಗಳಿಗೆ ಬಲ ಹಂಚುವ ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಪರೀಕ್ಷಿಸಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಡ್ರೈನ್ ಬೋಲ್ಟಿನ ಆಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಕಪ್ಪು ಪುಡಿ ಸಹಜ. ಚಕ್ಕೆಗಳಿದ್ದರೆ ಹಲ್ಲು ಒಡೆದಿದೆ. ಹೊಗೆಗೊಳವೆಯ ಹಾಗೆ ಮೇಲಕ್ಕೆತ್ತಿದ ಗಾಳಿ ಕೊಳವೆ ಹಾಕಿರುವ ಗಾಡಿ ಆಳದ ನೀರಿಗಿಳಿದಿರುವ ಸಾಧ್ಯತೆ ಹೆಚ್ಚು. ಅಂಥದ್ದರಲ್ಲಿ ಈ ಎಣ್ಣೆ ಪರೀಕ್ಷೆ ತಪ್ಪಿಸಲೇಬೇಡಿ.

ಜ್ಯಾಕ್ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದೊಂದು ಚಕ್ರವನ್ನೂ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ: ಆಟ (ಸಡಿಲ) ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್. ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಹರಿದು ಗ್ರೀಸ್ ಚೆಲ್ಲಿದ್ದರೆ ಆ ಜಾಯಿಂಟಿನ ಖರ್ಚು ಬರೆದುಕೊಳ್ಳಿ. ಶಾಕ್ ಮತ್ತು ಆರ್ಮ್‌ಗಳು ಚಾಸಿಗೆ ಕೂರುವ ಬೆಸುಗೆಗಳಲ್ಲಿ ಬಿರುಕು, ಮತ್ತೆ ಬೆಸೆದ ಗುರುತು, ಅಲ್ಲಿಗಷ್ಟೇ ಬಳಿದ ಹೊಸ ಬಣ್ಣ ಹುಡುಕಿ.

ಈಗ ಸ್ಟಾರ್ಟ್ ಮಾಡಿ. ನಿಂತಾಗ ಬ್ಯಾಟರಿ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು. ಲೋ, ಹೈ, ರಿವರ್ಸ್ ಎಲ್ಲದರಲ್ಲೂ ಓಡಿಸಿ. ಸಡಿಲ ಮಣ್ಣಿನಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರಗಳು ಎಳೆಯುತ್ತಿವೆಯೇ ಎಂದು ಇನ್ನೊಬ್ಬರು ಹೊರಗೆ ನಿಂತು ನೋಡಲಿ. ಇಪ್ಪತ್ತು ನಿಮಿಷ ಓಡಿಸಿ, ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗಿ ನಿಲ್ಲುವ ತನಕ ಕಾಯಿರಿ.

ಎಂಜಿನ್ ಬಗ್ಗೆ ಇನ್ನೂ ಅನುಮಾನವಿದ್ದರೆ ಮೆಕ್ಯಾನಿಕ್‌ನಿಂದ ಲೀಕ್ ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವುದು) ಮಾಡಿಸಿ. ಸುಲಭವಾಗಿ ಸ್ಟಾರ್ಟ್ ಆಗಲೆಂದು ಒತ್ತಡ ಬಿಡುವ ವ್ಯವಸ್ಥೆ ಕೆಲವು ಎಂಜಿನ್‌ಗಳಲ್ಲಿರುವುದರಿಂದ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಒಂದೇ ನಂಬಿಕೆಗೆ ಸಾಲದು. ಸೋರಿಕೆ ಶೇ. 10ರೊಳಗಿದ್ದರೆ ಚೆನ್ನ, 20 ದಾಟಿದರೆ ಎಂಜಿನ್ ಬಿಚ್ಚುವ ಕೆಲಸ. ಗಾಳಿ ಎಲ್ಲಿ ಸೋರುತ್ತದೆ ಎಂದು ಕಿವಿಗೊಡಿ: ಸೈಲೆನ್ಸರ್‌ನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ಸುರಿಯುವ ಬಾಯಲ್ಲಾದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಬರೆದುಕೊಂಡ ಒಂದೊಂದು ದೋಷಕ್ಕೂ ಡೀಲರ್ ಹೇಳಿದ ಬಿಡಿಭಾಗದ ಬೆಲೆ, ಕೂಲಿ ಹಾಕಿ ಕೂಡಿಸಿ, ಕೇಳುತ್ತಿರುವ ಬೆಲೆಯಿಂದ ಕಳೆಯಿರಿ. ಮನೆಗೆ ತಂದ ಮೇಲೆ ಹಿಂದಿನವರ ದಾಖಲೆ ಎಷ್ಟೇ ಚೆನ್ನಾಗಿರಲಿ, ಎಂಜಿನ್, ಗೇರ್ ಪೆಟ್ಟಿಗೆ, ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಮತ್ತು ಏರ್ ಫಿಲ್ಟರ್ ಹೊಸದು ಹಾಕಿ, ಅಂದಿನ ಗಂಟೆಯನ್ನು ಮಾರ್ಕರಿನಿಂದ ಫಿಲ್ಟರ್ ಡಬ್ಬಿಯ ಮೇಲೆ ಬರೆಯಿರಿ. ಹೊಸ ಗಾಡಿಯಾದರೆ ಮೊದಲ ಸರ್ವಿಸನ್ನು ಕೈಪಿಡಿ ಹೇಳಿದ ಗಂಟೆಗೇ, ಹಲವು ಮಾದರಿಗಳಲ್ಲಿ 25ರೊಳಗೆ, ಮಾಡಿಸಿ ರಸೀದಿ ಇಟ್ಟುಕೊಳ್ಳಿ. ವಾರಂಟಿ ಕೇಳುವಾಗಲೂ ಮುಂದೆ ಮಾರುವಾಗಲೂ ಆ ರಸೀದಿಯನ್ನು ಕೇಳುತ್ತಾರೆ.